ಎರೆಹೊಲಕ್ಕೆ ಗಾಲಿ ಕಚ್ಚಿಸಿದ ಸಂಘಮಿತ್ರಾ

ಸಂಘಮಿತ್ರಾಳ ಸಣ್ಣ ಟ್ರ್ಯಾಕ್ಟರು ಪರಪ್ಪನ ಕಬ್ಬಿನ ಹೊಲದ ನಡುವೆ ಸಿಕ್ಕಿಬಿದ್ದಿತ್ತು. ಇಂಜಿನ್ನು ಓಡುತ್ತಿತ್ತು, ಹಿಂದಿನ ಗಾಲಿಗಳೂ ತಿರುಗುತ್ತಿದ್ದವು, ಗಾಡಿ ಮಾತ್ರ ಒಂದು ಗೇಣು ಮುಂದಕ್ಕೆ ಸರಿಯುತ್ತಿರಲಿಲ್ಲ. ಗಾಲಿ ತಿರುಗಿದಷ್ಟೂ ಕರಿ ಮಣ್ಣು ಕಿತ್ತು ಹಿಂದಕ್ಕೆ ಹಾರಿ, ಟೈರಿನ ಕೆಳಗೆ ಎಮ್ಮೆ ಮಲಗೆದ್ದಂಥ ತಗ್ಗು ಬಿತ್ತು. ಆಕೆ ಗೇರು ತಪ್ಪಿಸಿ ಕೆಳಗಿಳಿದಳು. ಟೈರಿನ ಹಲ್ಲುಗಳ ನಡುವೆ ಮಣ್ಣು ಮೆತ್ತಿಕೊಂಡು ಇಡೀ ಗಾಲಿ ಬೋಳು ತಲೆಯಂತಾಗಿತ್ತು.

ಬದುವಿನ ಮೇಲೆ ನಿಂತಿದ್ದ ಪರಪ್ಪ ಟೋಪಿ ಹಿಂದಕ್ಕೆ ಸರಿಸಿದ.

"ಏನವಾ ಮಿತ್ರಾ, ಗಾಡಿ ನಿಂತಲ್ಲೇ ಕುಣಿಯಾಕತ್ತೈತಲ್ಲ?"

"ಎರಿ ಕಾಕಾ. ಮ್ಯಾಲ ಒಣಗೇತಿ, ತಳಗ ಇನ್ನೂ ಹಸಿ ಐತಿ. ಗಾಲಿ ಹಿಡೀವಲ್ದು."

"ಭಾರ ಸಾಲವಲ್ದು ಅದಕ್ಕ. ರೆಂಟಿ ಮ್ಯಾಲ ಕಲ್ಲ ಹೇರ್ರಿ."

ಎತ್ತುಗಳ ಕಾಲದಿಂದ ಈ ಸೀಮೆಯವರಿಗೆ ಗೊತ್ತಿದ್ದ ಉಪಾಯ ಅದು. ಕುಂಟೆ ನೆಲಕ್ಕೆ ಇಳಿಯದಿದ್ದರೆ ಕುಂಟೆಯ ಮೇಲೆ ಕಲ್ಲಿಡುವುದು, ಕೊರಡು ಹೆಂಟೆ ಒಡೆಯದಿದ್ದರೆ ಕೊರಡಿನ ಮೇಲೆ ಮನುಷ್ಯರನ್ನು ನಿಲ್ಲಿಸುವುದು. ಗೊಬ್ಬರ ಹಾಕಲು ಬಂದಿದ್ದ ಹೆಂಗಸರು ಬದುವಿನ ಕಲ್ಲುಗಳನ್ನು ಹೊತ್ತು ತಂದು ಟ್ರ್ಯಾಕ್ಟರಿನ ಹಿಂದಿನ ನೇಗಿಲಾದ ರೆಂಟೆಯ ಮೇಲೆ ಪೇರಿಸಿದರು. ಸಂಘಮಿತ್ರಾಳಿಗೂ ಅದೇ ಸರಿ ಅನಿಸಿತು. ಮತ್ತೆ ಹತ್ತಿ ಗೇರು ಹಾಕಿದಳು. ಭಾರ ಬಿದ್ದ ರೆಂಟೆ ಇನ್ನೂ ಆಳಕ್ಕೆ ಕಚ್ಚಿಕೊಂಡಿತು. ಎಳೆಯುವ ಕೆಲಸ ಮೊದಲಿಗಿಂತ ಹೆಚ್ಚಾಯಿತು, ಎಳೆಯಬೇಕಾದ ಗಾಲಿಗಳು ಮಾತ್ರ ಇದ್ದಷ್ಟೇ ಹಗುರವಾಗಿದ್ದವು. ಎತ್ತಿನ ಕಾಲು ಜಾರುವುದಿಲ್ಲ, ರಬ್ಬರಿನ ಗಾಲಿ ಜಾರುತ್ತದೆ ಎಂಬುದನ್ನು ಅಲ್ಲಿದ್ದ ಒಬ್ಬರೂ ಯೋಚಿಸಿರಲಿಲ್ಲ. ಗಾಡಿ ತಾನು ತೋಡಿಕೊಂಡ ತಗ್ಗಿನಲ್ಲೇ ಇನ್ನಷ್ಟು ಕುಳಿತುಬಿಟ್ಟಿತು.

ಪಕ್ಕದ ಹೊಲದ ಗುರುರಾಜ ತನ್ನ ಬದುವಿನಿಂದಲೇ ಕೂಗಿದ: "ಪರಪ್ಪಣ್ಣಾ, ಭಾಂವಿ ತೋಡಸಾಕತ್ತೀ ಏನ?"

ಹೆಂಗಸರು ನಕ್ಕರು. ಪರಪ್ಪ ನಗಲಿಲ್ಲ.

"ನೋಡವಾ," ಅಂದ, "ಸೋಮವಾರ ಕಾಲವಿ ನೀರ ಬರ್ತೈತಿ ಅಂತಾರ. ಅಷ್ಟ್ರಾಗ ಬೋದ ಏರಸಾಕ ಬೇಕು. ನಿನ್ನ ಕಡಿಂದ ಆಕ್ಕೈತಿ ಅಂದ್ರ ಮಾಡು. ಇಲ್ಲಾಂದ್ರ ಮೂಡಲಗಿ ದೊಡ್ಡ ಟ್ರ್ಯಾಕ್ಟರಿಗೆ ಫೋನ್ ಹಚ್ತೀನಿ. ಅಂಚಿನ ಸಾಲು ತುಳಿದ್ರ ತುಳೀಲಿ."

ಕಬ್ಬು ಮೊಣಕಾಲು ದಾಟಿ ಬೆಳೆದ ಮೇಲೆ ಬುಡಕ್ಕೆ ಎರಡೂ ಕಡೆಯಿಂದ ಮಣ್ಣೇರಿಸಬೇಕು. ಅದಕ್ಕೇ ಬೋದು ಏರಿಸುವುದು ಅನ್ನುತ್ತಾರೆ. ಏರಿಸದಿದ್ದರೆ ಬೆಳೆದ ಕಬ್ಬು ಗಾಳಿಗೆ ಮಲಗುತ್ತದೆ. ಮೊದಲು ಗೊಬ್ಬರ, ಮೇಲೆ ಮಣ್ಣು, ಆಮೇಲೆ ನೀರು. ಈ ಕ್ರಮ ತಪ್ಪಿದರೆ ಗೊಬ್ಬರ ನೀರಿನ ಪಾಲಾಗುತ್ತದೆ. ಪಾಳಿ ತಪ್ಪಿಸಿಕೊಂಡರೆ ಮತ್ತೆ ನೀರು ಯಾವಾಗಲೋ. ಹೀಗಾಗಿ ಪರಪ್ಪನ ಅವಸರದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಸಂಘಮಿತ್ರಾಳಿಗೆ ಇದು ಒಂದು ಹೊಲದ ಮಾತಾಗಿರಲಿಲ್ಲ. ಮಮದಾಪುರದ ಕಾಲುವೆ ಬದಿಯ ರೈತರೆಲ್ಲ ಪರಪ್ಪ ಯಾರನ್ನು ಕರೆಯುತ್ತಾನೆಂದು ನೋಡಿಕೊಂಡು ಕರೆಯುವವರು. ಮೂಡಲಗಿಯ ಗಾಡಿ ಒಮ್ಮೆ ಈ ಹೊಲಕ್ಕೆ ಇಳಿದರೆ, ಆಕೆಯ ಟ್ರ್ಯಾಕ್ಟರು ಮನೆಯ ಮುಂದೆ ನಿಲ್ಲುತ್ತದೆ, ಆಕೆ ಮತ್ತೆ ಕುಡುಗೋಲು ಹಿಡಿದು ಕಬ್ಬು ಕಡಿಯುವ ಗುಂಪಿಗೆ ಸೇರಬೇಕಾಗುತ್ತದೆ.

ಆ ಗುಂಪಿನಿಂದ ಟ್ರ್ಯಾಕ್ಟರಿನ ಸೀಟಿಗೆ ಬರುವುದು ಆಕೆಗೆ ಸುಲಭವಾಗಿರಲಿಲ್ಲ. ಅಪ್ಪ ಬೌದ್ಧನಾದ ವರ್ಷ ಹುಟ್ಟಿದ ಮಗಳಿಗೆ ಸಂಘಮಿತ್ರಾ ಅಂತ ಹೆಸರಿಟ್ಟ. ಅವ್ವ ಕೆಂಪವ್ವನ ಬಾಯಲ್ಲಿ ಅಷ್ಟುದ್ದ ಹೆಸರು ನಿಲ್ಲದೆ ಮಿತ್ರಾ ಆಯಿತು. ಹತ್ತನೆಯ ಇಯತ್ತೆ ಮುಗಿಸಿ ಅವ್ವನ ಜೊತೆ ಕಬ್ಬು ಕಡಿಯಲು ನಿಂತ ಹುಡುಗಿ ಗಾಡಿ ಓಡಿಸುವುದನ್ನು ಕಲಿತದ್ದು ಸಕ್ಕರೆ ಕಾರ್ಖಾನೆಯ ಮುಂದಿನ ಪಾಳಿಯಲ್ಲಿ. ಹಂಗಾಮಿನಲ್ಲಿ ಕಬ್ಬಿನ ಟ್ರಾಲಿಗಳ ಸಾಲು ರಸ್ತೆಯುದ್ದಕ್ಕೂ ನಿಂತಿರುತ್ತದೆ. ಸೋದರಮಾವ ಕೇದಾರಿ ಟ್ರಾಲಿಯ ನೆರಳಿನಲ್ಲಿ ಟವೆಲ್ ಹಾಸಿ ಮಲಗಿಬಿಡುತ್ತಿದ್ದ. ಮುಂದಿನ ಗಾಡಿ ನಾಲ್ಕು ಮಾರು ಸರಿದರೆ ಇವಳು ಹತ್ತಿ ನಾಲ್ಕು ಮಾರು ಸರಿಸುತ್ತಿದ್ದಳು. ತುಂಬಿದ ಟ್ರಾಲಿಯನ್ನು ಕುಲುಕದಂತೆ ಎತ್ತುವುದು, ಮುಂದಿನ ಗಾಡಿಗೆ ತಾಗದಂತೆ ನಿಲ್ಲಿಸುವುದು, ಎಲ್ಲವೂ ಆ ಪಾಳಿಯಲ್ಲೇ ಕೈಗೆ ಬಂತು. "ನನ್ನ ಸೊಸಿ ಮೂರನೇ ಗೇರ ನೋಡೇ ಇಲ್ಲ, ಆದ್ರ ಮೊದಲನೇ ಗೇರಿನ್ಯಾಗ ಆಕೀನ್ನ ಸೋಲಸವ್ರಿಲ್ಲ," ಅಂತ ಕೇದಾರಿ ಚಹದಂಗಡಿಯಲ್ಲಿ ಹೇಳಿಕೊಂಡು ನಗುತ್ತಿದ್ದ. ಕಬ್ಬಿನ ಸಾಲುಗಳ ನಡುವೆ ಬೇಕಾದದ್ದು ಆ ಮೊದಲನೆಯ ಗೇರಿನ ತಾಳ್ಮೆಯೇ.

ಗಂಡ ಅಜಿತ ಈ ಕಾಲುವೆಗೆ ನೀರು ಬಿಡುವ ಹಿಡಕಲ್ ಅಣೆಕಟ್ಟಿನಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಇಬ್ಬರೂ ಸೇರಿ ಹುಕ್ಕೇರಿ ಕಡೆಯ ಒಬ್ಬ ರೈತನಿಂದ ಈ ಹಳೆಯ ಸಣ್ಣ ಟ್ರ್ಯಾಕ್ಟರು ತಂದಿದ್ದರು. ಆತನ ಕೆಂಪು ಮಸಾರಿ ನೆಲದಲ್ಲಿ, ಸೋಯಾಬೀನಿನ ಸಾಲುಗಳಲ್ಲಿ ಅದು ಮೊಲದಂತೆ ಓಡಿತ್ತು. ಮಸಾರಿ ಮಣ್ಣು ಗಾಲಿಯನ್ನು ಬಿಡುತ್ತದೆ, ಈ ಕರಿ ಎರೆ ಬಿಡುವುದಿಲ್ಲ. ಕೊಳ್ಳುವಾಗ ಇಬ್ಬರಿಗೂ ಅದು ಹೊಳೆದಿರಲಿಲ್ಲ.

ಆ ಸಂಜೆ ಕಲ್ಲಿಳಿಸಿ, ಗಾಲಿಯಡಿಗೆ ಒಣ ಸೋಗೆ ಹಾಕಿ ಹೇಗೋ ಗಾಡಿಯನ್ನು ತಗ್ಗಿನಿಂದ ಎಬ್ಬಿಸಿದ ಸಂಘಮಿತ್ರಾ, ಮರುದಿನ ಬೆಳಿಗ್ಗೆ ಅದನ್ನು ತೆಗೆದುಕೊಂಡು ಘಟಪ್ರಭಾಕ್ಕೆ ಹೋದಳು. ಗೊತ್ತಿಲ್ಲದ್ದನ್ನು ಕೇಳಲು ಆಕೆ ನಾಚುತ್ತಿರಲಿಲ್ಲ. ಆಕೆಯ ದೊಡ್ಡ ಗುಣಗಳಲ್ಲಿ ಅದೂ ಒಂದು. ಧುಪದಾಳ ರಸ್ತೆಯಲ್ಲಿ ಪಂಚರ್ ಅಂಗಡಿ ಇಟ್ಟುಕೊಂಡಿದ್ದ ಹೊಳೆಪ್ಪ ಟ್ಯೂಬೊಂದನ್ನು ನೀರಿನ ಕಬ್ಬಿಣದ ಬುಟ್ಟಿಯಲ್ಲಿ ಮುಳುಗಿಸಿ ಕುಳಿತಿದ್ದ.

"ಬರ್ರಿ ಅಕ್ಕಾರ. ಪಂಚರ್ ಏನ್ರಿ?"

"ಪಂಚರ್ ಅಲ್ಲ ಹೊಳೆಪ್ಪಣ್ಣ. ಗಾಡಿ ಭಾಳ ಹಗುರ ಆಗೇತಿ. ಎರಿ ಒಳಗ ಜಾರತೈತಿ."

"ಉಪಾಸ ಕೆಡವೀರೇನ ಅದನ್ನ?"

"ದಿನಾ ಡೀಸೆಲ್ ಕುಡಸಾಕತ್ತೇನಿ. ಮೈಗೇ ಹತ್ತವಲ್ದು."

"ಡೀಸೆಲ್ ಯಾರ ಮೈಗೆ ಹತ್ತೇತ್ರಿ? ನೀರ ಕುಡಸೂಣು ಬರ್ರಿ," ಅಂದು ಹೊಳೆಪ್ಪ ಎದ್ದು ನಿಂತ.

ಆಕೆ ಮೊದಲು ಚೇಷ್ಟೆ ಅಂದುಕೊಂಡಳು. ಹೊಳೆಪ್ಪ ಚೇಷ್ಟೆ ಮಾಡುತ್ತಲೇ ಕೆಲಸ ಶುರುಮಾಡಿದ್ದ. ಹಿಂದಿನ ಒಂದು ಗಾಲಿಗೆ ಜ್ಯಾಕ್ ಕೊಟ್ಟು ಎತ್ತಿ, ಗಾಳಿ ತುಂಬುವ ವಾಲ್ ತುತ್ತತುದಿಗೆ ಬರುವಂತೆ ಗಾಲಿ ತಿರುಗಿಸಿ ನಿಲ್ಲಿಸಿದ. ವಾಲಿನೊಳಗಿನ ಪಿನ್ನು ಬಿಚ್ಚಿ, ಗಾಳಿಯೆಲ್ಲ ಹೋದ ಮೇಲೆ ನೀರಿನ ಪೈಪು ಕೂಡಿಸಿದ. ನಡುನಡುವೆ ಪೈಪು ಕಿತ್ತು ಒಳಗಿನ ಗಾಳಿಗೆ ದಾರಿ ಕೊಡುತ್ತಿದ್ದ. ಆಗ ಟೈರು ಹೊಟ್ಟೆ ತುಂಬಿದ ಎತ್ತಿನ ಹಾಗೆ ಉಸಿರು ಬಿಡುತ್ತಿತ್ತು.

"ಪೂರಾ ತುಂಬ್ರಿ," ಅಂದಳು ಸಂಘಮಿತ್ರಾ. "ಅರ್ಧಕ್ಕ ಯಾಕ ಬಿಡ್ತೀರಿ?"

"ಮುಕ್ಕಾಲ ಸಾಕ್ರಿ. ಮ್ಯಾಲ ಗಾಳಿ ಇರಬೇಕ. ಗಾಳಿ ಇಲ್ಲದ ಟೈರು ಗುಂಡಕಲ್ಲ ಇದ್ದಂಗ. ತಗ್ಗಿಗೆ ಬಿದ್ರ ಟೈರಿಗೆ ಏನೂ ಆಗೂದಿಲ್ಲ, ನಿಮ್ಮ ನಡಾ ಮುರೀತೈತಿ."

"ಹಿಂಗ ತುಂಬಿದ್ರ ರೆಂಟಿ ಮ್ಯಾಲ ಕಲ್ಲ ಬ್ಯಾಡೇನ?"

ಹೊಳೆಪ್ಪ ಕೈ ಒರೆಸಿಕೊಳ್ಳುತ್ತ ನಿಂತ. "ಕಲ್ಲ ಹೇರಿದ್ರೇನ? ಅಕ್ಕಾರ, ಚಕ್ಕಡಿ ಏರು ಹತ್ತವಲ್ದು ಅಂತ ಚಕ್ಕಡಿಯೊಳಗ ಇನ್ನೊಂದ ಚೀಲ ಒಗದಂಗ ಆತು. ಎಳಿಯಾವಗ ಶಕ್ತಿ ಕೊಡ್ರಿ, ಎಳಿಸಿಕೊಳ್ಳಾವಗ ಅಲ್ಲ."

ಸಂಘಮಿತ್ರಾ ತನ್ನ ಹಣೆಗೆ ತಾನೇ ಹೊಡೆದುಕೊಂಡು ನಕ್ಕಳು. ಹೊಳೆಪ್ಪ ಎರಡೂ ಗಾಲಿಗೆ ನೀರು ತುಂಬಿ, ಮೇಲೆ ಗಾಳಿ ಹಿಡಿದು, ಹೋಗುವಾಗ ಎರಡು ಮಾತು ಹೇಳಿದ. ರಸ್ತೆಯ ಮೇಲೆ ಜೋರು ಬೇಡ, ಬ್ರೇಕು ಹಾಕಿದರೆ ಮೊದಲಿನಷ್ಟು ಬೇಗ ನಿಲ್ಲುವುದಿಲ್ಲ. ಇನ್ನೊಂದು, ಹಿಂದೆ ಭಾರವಾದ ಗಾಡಿ ಹಟಕ್ಕೆ ಬಿದ್ದು ಎಳೆಯುವಾಗ ಮೂತಿ ಎತ್ತುತ್ತದೆ, ಮುಂದೆಯೂ ಏನಾದರೂ ಭಾರ ಕಟ್ಟಬೇಕು.

ಊರಿಗೆ ಬಂದವಳು ಪರಪ್ಪನ ಹೊಲದ ಅಂಚಿನಲ್ಲಿ ಒಂದು ಸಾಲು ಹೊಡೆದು ನೋಡಿದಳು. ಗಾಲಿ ಜಾರಲಿಲ್ಲ. ಟೈರಿನ ಹಲ್ಲಿನ ಗುರುತು ಮಣ್ಣಿನಲ್ಲಿ ಅಚ್ಚು ಹಾಕಿದಂತೆ ಬಿತ್ತು. ಆದರೆ ಗಟ್ಟಿ ಜಾಗ ಬಂದಾಗ ಸ್ಟೇರಿಂಗು ಕೈಯಲ್ಲಿ ಹಗುರಾಯಿತು. ಮುಂದಿನ ಗಾಲಿಗಳು ನೆಲ ಬಿಟ್ಟದ್ದು ಕಣ್ಣಿಗೆ ಕಾಣುವ ಮೊದಲೇ ಆಕೆಯ ಅಂಗೈಗೆ ತಿಳಿಯಿತು. ತಿರುಗಿಸಿದ ಕಡೆಗೆ ತಿರುಗದೆ ಗಾಡಿ ಓರೆಯಾಗಿ ಹೋಗಿ ಒಂದೆರಡು ಕಬ್ಬಿನ ಹಿಂಡು ಮುರಿಯಿತು.

ಬರಿ ಮರಳಿನ ಚೀಲ ಕಟ್ಟೋಣವೆಂದರೆ ಆ ಸಣ್ಣ ಗಾಡಿಯ ಮೂತಿಯಲ್ಲಿ ಚೀಲ ಕೂರುವಷ್ಟು ಜಾಗವಿರಲಿಲ್ಲ. ಬಾನೆಟ್ಟಿಗೆ ಅಡ್ಡ ಕಟ್ಟಿದರೆ ರೇಡಿಯೇಟರಿಗೆ ಗಾಳಿ ಆಡುವುದಿಲ್ಲ. ಹೊಲದ ತಲೆಯಲ್ಲಿದ್ದ ಪರಪ್ಪನ ಗಾಣದ ಛಪ್ಪರದಲ್ಲಿ ನೀರು ಕುಡಿಯಲು ಕುಳಿತಾಗ ಆಕೆಯ ಕಣ್ಣು ಮೂಲೆಗೆ ಹೋಯಿತು. ಬೆಲ್ಲದ ಪಾಕ ಹೊಯ್ದು ಪೆಂಟಿ, ಅಂದರೆ ದೊಡ್ಡ ಅಚ್ಚು, ತೆಗೆಯುವ ತಗಡಿನ ಬಕೀಟುಗಳು ಒಂದರೊಳಗೊಂದು ಕುಳಿತಿದ್ದವು. ಗಾಣ ನಿಂತು ವರ್ಷಗಳೇ ಆಗಿದ್ದವು, ಕಬ್ಬೆಲ್ಲ ಕಾರ್ಖಾನೆಗೆ ಹೋಗುತ್ತಿತ್ತು. ಪರಪ್ಪನ ಹೆಂಡತಿ ಕಾಶೆವ್ವ ಅಲ್ಲೇ ಹುಲ್ಲು ಕಟ್ಟುತ್ತಿದ್ದಳು.

"ಕಾಕೂ, ಇದರಾಗ ನಾಕ ಬಕೀಟ ಕೊಡ್ತೀರೇನ? ಸಿಮೆಂಟ ಹಾಕಿ ಪೆಂಟಿ ಮಾಡ್ತೇನಿ, ಗಾಡಿ ಮುಂದ ತೂಗಬಿಡಾಕ."

"ಬೆಲ್ಲದ ಬಕೀಟಿಗೆ ಸಿಮೆಂಟ?" ಕಾಶೆವ್ವ ಗಲ್ಲದ ಮೇಲೆ ಬೆರಳಿಟ್ಟಳು. "ಇರಿವಿ ಏನ ತಿನ್ನಬೇಕವಾ ಪಾಪ?"

"ಒಳಗ ಪ್ಲಾಸ್ಟಿಕ್ ಹಾಸ್ತೇನ್ರಿ. ಗಟ್ಟಿ ಆದ ಮ್ಯಾಲ ಬೋರಲ ಹಾಕಿ ಬಡದ್ರ ಬೆಲ್ಲದಂಗ ಕಳಚಿ ಬರ್ತೈತಿ. ನಿಮ್ಮ ಬಕೀಟ ನಿಮಗ."

"ಹಂಗಾದ್ರ ತಗೋ. ಹಾಳ ಮಾಡಬ್ಯಾಡ. ನಿಮ್ಮ ಕಾಕಾಗ ಇನ್ನೂ ಗಾಣ ತಿರಗಸೂ ಹುಚ್ಚ ಐತಿ."

ಅದೇ ಛಪ್ಪರದಲ್ಲಿ ಸಿಮೆಂಟು, ಮರಳು, ಸಣ್ಣ ಕಲ್ಲು ಕಲಸಿ ಹೊಯ್ದು, ಪ್ರತಿಯೊಂದರ ನಡುವೆ ಕಬ್ಬಿಣದ ಕೊಂಡಿ ನಿಲ್ಲಿಸಿದಳು. ಮೇಲೆ ತೊಯ್ದ ಗೋಣಿಚೀಲ ಹೊದಿಸಿದಳು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಗಾಡಿಯ ಮೂತಿಗೆ ಒಂದು ಅಡ್ಡಪಟ್ಟಿ, ಪಟ್ಟಿಗೆ ಕೊಕ್ಕೆ ಹಾಕಿಸಿದಳು. ಶನಿವಾರದ ಹೊತ್ತಿಗೆ ಪೆಂಟಿ ಗಟ್ಟಿಯಾಗುತ್ತದೆ, ಶನಿವಾರ ಭಾನುವಾರ ಎರಡು ದಿನ ಆರಾಮವಾಗಿ ಹೊಡೆದರೆ ಹೊಲ ಮುಗಿಯುತ್ತದೆ ಎಂಬುದು ಆಕೆಯ ಲೆಕ್ಕ.

ಗುರುವಾರ ಸಂಜೆ ಅಜಿತನ ಫೋನು ಬಂತು.

"ಸೋಮವಾರ ಅಂದಿದ್ರಲ್ಲ, ಇವತ್ತ ಮುಂಜಾನೇನ ಗೇಟ ಎತ್ತ್ಯಾರ. ನಾಳಿ ಹೊತ್ತ ಇಳಿಯೂದ್ರಾಗ ನಿಮ್ಮ ತೂಬಿಗೆ ನೀರ ಬರ್ತೈತಿ ನೋಡು."

ಶುಕ್ರವಾರ ಹೊತ್ತು ಮೂಡುವಾಗಲೇ ಆಕೆ ಹೊಲದಲ್ಲಿದ್ದಳು. ಸುದ್ದಿ ಪರಪ್ಪನಿಗೂ ಮುಟ್ಟಿತ್ತು. ಗೊಬ್ಬರದ ಹೆಂಗಸರು ಸೆರಗು ಕಟ್ಟಿಕೊಂಡು ಮುಂದೆ ಮುಂದೆ ಗೊಬ್ಬರ ಉದುರಿಸುತ್ತ ಹೊರಟಿದ್ದರು. ಅವರಲ್ಲಿ ಕೆಂಪವ್ವನೂ ಇದ್ದಳು. ಸಂಘಮಿತ್ರಾ ಛಪ್ಪರಕ್ಕೆ ಹೋಗಿ ಒಂದು ಪೆಂಟಿಯ ಕೊಂಡಿ ಅಲುಗಾಡಿಸಿ ನೋಡಿದಳು. ಬುಡದಲ್ಲಿ ಸಿಮೆಂಟು ಪುಡಿಪುಡಿಯಾಗಿ ಎದ್ದಿತು. ಇನ್ನೂ ಹಸಿ. ಹಾಗೇ ತೂಗುಬಿಟ್ಟರೆ ಕೊಂಡಿ ಕಿತ್ತು ಪೆಂಟಿ ಗಾಲಿಯಡಿಗೆ ಬೀಳುತ್ತದೆ. ಮುಂದೆ ಭಾರವಿಲ್ಲದೆಯೇ ಶುರುಮಾಡಿದಳು. ಮೊದಲ ಸಾಲು ಹೇಗೋ ಹೋಯಿತು. ಎರಡನೆಯದರ ನಡುವೆ ಗಾಡಿ ಮೂತಿ ಎತ್ತಿ ಓರೆಯಾಗಿ, ಕಬ್ಬಿನ ಮೇಲೆ ಹತ್ತಿ ನಿಂತಿತು.

ಪರಪ್ಪ ಓಡುತ್ತ ಬಂದ. "ಇಬ್ಬರ್ನ ಮುಂದ ಕುಂಡ್ರಸವಾ! ಆ ಪಟ್ಟಿ ಮ್ಯಾಲ ಕುಂದರ್ಲಿ. ಅಷ್ಟಕ್ಯಾಕ ತ್ರಾಸ ತಗೋತಿ?"

ಕೆಂಪವ್ವ ಗೊಬ್ಬರದ ಬುಟ್ಟಿ ಇಳಿಸಿಯೇಬಿಟ್ಟಳು. "ನಾ ಕುಂದರ್ತೇನಿ ಬಿಡ್ರಿ ಸಾವ್ಕಾರ್ರ. ನನ್ನ ಮೈಯಾಗ ಇನ್ನೂ ಒಂದೀಟ ಭಾರ ಐತಿ."

ಸಂಘಮಿತ್ರಾ ಇಂಜಿನ್ ಬಂದ್ ಮಾಡಿದಳು. ಹೊಲ ಒಮ್ಮೆಲೇ ಶಾಂತವಾಯಿತು.

"ಇಲ್ಲ ಕಾಕಾ. ಮಂದೀನ್ನ ಭಾರ ಅಂತ ಕುಂಡ್ರಸೂದಿಲ್ಲ ನಾ."

"ಅಯ್ಯ, ಹಿಂದಕಿಂದ ನಡಕೊಂಡ ಬಂದದ್ದ ಐತಿ."

"ಬಂದದ್ದ ಗೊತ್ತೈತ್ರಿ. ನಾನ ನಿಂತಿದ್ದೆ."

ಪರಪ್ಪನ ಕಣ್ಣು ಆಕೆಯ ಎಡಗಾಲಿನ ಕಡೆ ಹೋಯಿತು. ಶಾಲೆಗೆ ಹೋಗುವ ವಯಸ್ಸಿನ ಸಂಘಮಿತ್ರಾಳನ್ನು ಇದೇ ಹೊಲದಲ್ಲಿ, ಇದೇ ಪರಪ್ಪನ ಎತ್ತುಗಳ ಹಿಂದೆ, ಹೆಂಟೆ ಒಡೆಯುವ ಕೊರಡಿನ ಮೇಲೆ ನಿಲ್ಲಿಸಿದ್ದರು. ದೊಡ್ಡವರು ನಿಂತರೆ ಎತ್ತಿಗೆ ಭಾರ, ಯಾರೂ ನಿಲ್ಲದಿದ್ದರೆ ಕೊರಡಿಗೆ ಹಗುರ, ಹೀಗಾಗಿ ಆ ಹುಡುಗಿಯ ತೂಕ ಸರಿಯಾಗಿ ಹೊಂದಿತ್ತು. ತಿರುವಿನಲ್ಲಿ ಕೊರಡು ಜಿಗಿದು ಆಕೆ ಮುಂದಕ್ಕೆ ಬಿದ್ದಳು, ಕೊರಡು ಎಡಗಾಲಿನ ಮೇಲೆ ಹಾಯ್ದು ಹೋಯಿತು. ಎತ್ತು ಹೊಡೆಯುತ್ತಿದ್ದ ಪರಪ್ಪನೇ ಆಕೆಯನ್ನು ಎತ್ತಿಕೊಂಡು ಗೋಕಾಕದ ದವಾಖಾನೆಗೆ ಓಡಿದ್ದ. ಕಾಲು ಉಳಿಯಿತು, ಬೆರಳುಗಳು ಸೊಟ್ಟಗಾಗಿ ಕೂಡಿಕೊಂಡವು. ಆಗ ಯಾರೂ ಯಾರಿಗೂ ತಪ್ಪು ಹೊರಿಸಿರಲಿಲ್ಲ, ಮರುವರ್ಷ ಅದೇ ಕೊರಡಿನ ಮೇಲೆ ಬೇರೆ ಯಾರೋ ನಿಂತರು.

ಪರಪ್ಪ ಫೋನು ತೆಗೆದು ಕೈಯಲ್ಲಿ ಹಿಡಿದ. ಧ್ವನಿ ಮೆತ್ತಗಾಗಿತ್ತು, ಆದರೆ ಮಾತು ಬದಲಾಗಿರಲಿಲ್ಲ. "ಮತ್ತ ನೀರ ನಿಂದರೂದಿಲ್ಲಲ್ಲವಾ. ಮೂಡಲಗಿಯವಗ ಈಗ ಹೇಳಿದ್ರ ಮಧ್ಯಾಹ್ನದಾಗ ಬರ್ತಾನ."

"ಒಂದೀಟ ತಡೀರಿ. ಛಪ್ಪರಕ್ಕ ಹೋಗಿ ಬರ್ತೇನಿ. ಬಂದ ಮ್ಯಾಲೂ ಗಾಡಿ ಎದ್ದ ನಿಂತ್ರ ನೀವ ಫೋನ್ ಹಚ್ರಿ, ನಾ ಬ್ಯಾಡ ಅನ್ನೂದಿಲ್ಲ."

ನಡೆದು ಹೋಗುವಾಗ ಆಕೆಯ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ. ಪೆಂಟಿ ಹಸಿ, ಕೊಂಡಿ ಹಸಿ. ಆದರೆ ಬಕೀಟು ಹಸಿಯಲ್ಲ. ಬೆಲ್ಲದ ಬಿಸಿ ಪಾಕ ಹೊತ್ತ ತಗಡು, ಎರಡೂ ಬದಿಗೆ ಗಟ್ಟಿ ಕಿವಿ. ಪೆಂಟಿಯನ್ನು ಹೊರಗೆ ತೆಗೆಯುವುದೇ ಬೇಡ, ಬಕೀಟಿನ ಸಮೇತ ತೂಗುಬಿಟ್ಟರಾಯಿತು. ಛಪ್ಪರದಲ್ಲಿ ಕಾಶೆವ್ವ ಹೆಂಗಸರಿಗೆ ಚಹಾ ಕಾಸುತ್ತಿದ್ದಳು.

"ಕಾಕೂ, ಬಕೀಟ ಸಮೇತ ಒಯ್ಯತೇನಿ."

"ಹಾಳಾಗೂದಿಲ್ಲೇನ?"

ಸಂಘಮಿತ್ರಾ ಸುಳ್ಳು ಹೇಳಲಿಲ್ಲ. "ಹಾಳಾಗ್ತಾವ್ರಿ. ಕಿವಿ ಜಗ್ಗಿ ಸೊಟ್ಟ ಆಗ್ತಾವ. ಮತ್ತ ಬೆಲ್ಲಕ್ಕ ಬರೂದಿಲ್ಲ."

ಕಾಶೆವ್ವ ಕುದಿಯುವ ಚಹಾ ಕೆಳಗಿಳಿಸಿದಳು. "ಒಯ್ಯಿ. ಬಕೀಟ ಇರೂತನಕ ಆ ಮನಶ್ಯಾ ಗಾಣದ ಮಾತ ಬಿಡೂದಿಲ್ಲ. ನನಗೂ ಒಂದ ಪೀಡಾ ಹೋದಂಗ ಆಕ್ಕೈತಿ."

ನಾಲ್ವರು ಹೆಂಗಸರು ಸೀರೆ ಕಚ್ಚೆ ಬಿಗಿದು ಬಕೀಟು ಹೊತ್ತು ತಂದರು. ಕಿವಿಗಳಿಗೆ ಸರಪಳಿ ಪೋಣಿಸಿ ಪಟ್ಟಿಯ ಕೊಕ್ಕೆಗೆ ಹಾಕಿ, ಅಲುಗದಂತೆ ಹಗ್ಗದಿಂದ ಬಿಗಿದದ್ದು ಸಂಘಮಿತ್ರಾ. ಬಿಗಿದ ಮೇಲೆ ಪ್ರತಿಯೊಂದನ್ನೂ ಕಾಲಿನಿಂದ ಒದ್ದು ನೋಡಿದಳು. ಗುರುರಾಜ ಬದುವಿನ ಮೇಲಿಂದ, "ಗಾಡಿ ಸಂತಿಗೆ ಹೊಂಟೈತಿ ಏನ, ಬೆಲ್ಲಾ ಮಾರಾಕ?" ಅಂದ. "ಬರ್ರಿ, ಹಲ್ಲಿದ್ರ ಒಂದ ಹೆಂಟಿ ಕಡದ ನೋಡ್ರಿ," ಅಂದಳು ಸಂಘಮಿತ್ರಾ. ಈ ಸಲ ಪರಪ್ಪನೂ ನಕ್ಕ.

ರೆಂಟೆಯನ್ನು ಮೊದಲಿಗಿಂತ ತುಸು ಮೇಲೆ ಹಿಡಿದು, ಮೊದಲನೆಯ ಗೇರಿನಲ್ಲಿ ಗಾಡಿ ಬಿಟ್ಟಳು. ಹಿಂದಿನ ಗಾಲಿಗಳು ಎರೆಯನ್ನು ಕಚ್ಚಿದವು, ಮುಂದಿನವು ನೆಲ ಬಿಡಲಿಲ್ಲ. ಮಣ್ಣು ಎರಡೂ ಬದಿಗೆ ಮಗುಚಿ ಕಬ್ಬಿನ ಬುಡಕ್ಕೆ ಏರುತ್ತ ಹೋಯಿತು. ಸಾಲಿನ ಕೊನೆಯಲ್ಲಿ ಆಕೆ ನಿಧಾನವಾಗಿ ರೆಂಟೆ ಎತ್ತಿ, ಒಂದು ಕಬ್ಬಿಗೂ ತಾಗದಂತೆ ಗಾಡಿ ಹೊರಳಿಸಿದಳು. ಪರಪ್ಪ ಫೋನನ್ನು ಅಂಗಿಯ ಕಿಸೆಯಲ್ಲಿ ಇಟ್ಟ.

ಊಟಕ್ಕೆ ಆಕೆ ಇಳಿಯಲಿಲ್ಲ. ಕೆಂಪವ್ವ ರೊಟ್ಟಿಯಲ್ಲಿ ಪಲ್ಯ ಸುತ್ತಿ ತಂದು, ತಿರುವಿನಲ್ಲಿ ಗಾಡಿ ನಿಧಾನಿಸಿದಾಗ ನಿಲ್ಲಿಸಿ ಕೈಗೆ ಕೊಟ್ಟಳು. ಹೊತ್ತು ಇಳಿಯುವಾಗ ಕಾಲುವೆಯ ಕಡೆಯಿಂದ ಕೂಗು ಬಂತು, ತೂಬಿಗೆ ನೀರು ಬಂದಿತ್ತು. ಇನ್ನೂ ಕೆಲವು ಸಾಲು ಉಳಿದಿದ್ದವು. ಪರಪ್ಪ ಧೋತರ ಮೇಲೆ ಕಟ್ಟಿ, ಸಲಿಕೆ ಹಿಡಿದು, ನೀರು ಹೊಲಕ್ಕೆ ನುಗ್ಗದಂತೆ ಕಾಲುವೆ ಬಾಯಿಗೆ ಮಣ್ಣು ಎಳೆಯತೊಡಗಿದ. ಗುರುರಾಜನೂ ಬದು ಜಿಗಿದು ಬಂದು ಕೈ ಹಚ್ಚಿದ. ಒಂದು ಕಡೆ ಕಟ್ಟಿದರೆ ನೀರು ಇನ್ನೊಂದು ಕಡೆ ಜಿನುಗುತ್ತಿತ್ತು, ಇಬ್ಬರೂ ಮೊಣಕಾಲ ತನಕ ಕೆಸರಾದರು. ಸಂಘಮಿತ್ರಾ ಅವರ ಕಡೆ ನೋಡಲಿಲ್ಲ, ವೇಗ ಹೆಚ್ಚಿಸಲೂ ಇಲ್ಲ. ಕೊನೆಯ ಸಾಲಿನ ಬೋದೂ ಮೊದಲಿನದರಷ್ಟೇ ಎತ್ತರಕ್ಕೆ ಏರಿತು.

ಗಾಡಿಯನ್ನು ರಸ್ತೆಗೆ ಹತ್ತಿಸಿ ಆಕೆ ಇಳಿದಾಗ ಗುರುರಾಜ ಕೈ ತೊಳೆದುಕೊಳ್ಳುತ್ತ ಬಂದ.

"ನಾಳೆ ನಮ್ಮದ ಹೊಡೀತೀ ಏನವಾ?"

"ನಾಳೆ ಆಗೂದಿಲ್ರಿ ಅಣ್ಣಾ. ನಿಮ್ಮ ಹೊಲ ಕಾಲವಿ ಬುಡಕ ಐತಿ, ನೀರ ಬಸೀತೈತಿ. ಹಸಿ ಒಳಗ ಇಷ್ಟ ಭಾರದ ಗಾಡಿ ಇಳಿಸಿದ್ರ ಮಣ್ಣ ಹಂಚಿನಂಗ ಆಕ್ಕೈತಿ, ಬೇರ ಉಸರಾಡೂದಿಲ್ಲ. ಹದಾ ಬಂದ ಮ್ಯಾಲ ನಾನ ಬಂದ ನೋಡ್ತೇನಿ."

ಗುರುರಾಜ ತಲೆಯಾಡಿಸಿದ. ಪರಪ್ಪ ಗಾಡಿಯ ಸುತ್ತ ಒಂದು ಸುತ್ತು ಬಂದ. ಸೊಟ್ಟಗಾದ ಬಕೀಟಿನ ಕಿವಿ ಮುಟ್ಟಿದ, ಟೈರು ಒತ್ತಿ ನೋಡಿದ.

"ಮಿತ್ರಾ, ಮುಂದಿನ ನಾಟಿಗೆ ಸಾಲ ಎಷ್ಟ ಅಗಲ ಬಿಡ್ಲಿ, ನಿನ್ನ ಗಾಡಿಗೆ?"

ಆಕೆ ಬಕೀಟು ಬಿಗಿದು ಉಳಿದಿದ್ದ ಹಗ್ಗ ತೆಗೆದುಕೊಂಡು ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕುಳಿತಳು. ಒಂದು ಗಾಲಿಯ ಹೊರಬದಿಗೆ ಹಗ್ಗದ ತುದಿ ಹಿಡಿಯಲು ಕೆಂಪವ್ವನಿಗೆ ಹೇಳಿ, ಇನ್ನೊಂದು ಗಾಲಿಯ ಹೊರಬದಿಯ ತನಕ ಎಳೆದು, ಕಬ್ಬಿನ ಹಿಂಡಿಗೆಂದು ಒಂದು ಗೇಣು ಹೆಚ್ಚಿಗೆ ಬಿಟ್ಟು ಗಂಟು ಹಾಕಿದಳು. ಪರಪ್ಪ ಆ ಗಂಟನ್ನು ಎರಡು ಸಲ ಜಗ್ಗಿ ನೋಡಿದ. ಹಗ್ಗ ಸುತ್ತಿ ಟೋಪಿಯೊಳಗೆ ಇಟ್ಟು, ಟೋಪಿ ತಲೆಗೇರಿಸಿಕೊಂಡು, ನೀರು ಬಿಡಲು ಸಲಿಕೆ ತೆಗೆದುಕೊಂಡು ಹೋದ.